ಡಬ್ಬಿ ಸಾಗಿಸುವವಳ ಸತ್ಯಪ್ರಮಾಣ

ಮಾರ್ಚ್ 12, ಬುಧವಾರ. ಸಂಜೆ 7.10

ಶ್ರೀಮತ್ ಸಕಲಗುಣಸಂಪನ್ನ, ರಸಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಹಂಚಿದ, ರಟ್ಟಿನ ಮೇಲೆ ತೆಂಗಿನಮರವನ್ನೂ ಪುಟಪುಟದಡಿ ಒಂದೊಂದು ಕೀಟನಾಶಕದ ಹೆಸರನ್ನೂ ಹೊತ್ತು ಕಂಗೊಳಿಸುವ ದಿನಚರಿ ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ — ದರ್ಬೆಯ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡಿ ಬದುಕುವ, ಆಲೆಟ್ಟಿಯ ಸುರಕ್ಷಾ ಎಂಬ ಅಲ್ಪಳು ಸಾಷ್ಟಾಂಗ ವಂದಿಸಿ ಬಿನ್ನವಿಸಿಕೊಳ್ಳುವುದೇನೆಂದರೆ:

ಇವತ್ತೂ ಡಬ್ಬಿ ತಲುಪಿಸಿದೆ.

ಅಷ್ಟೇ ವಿಷಯ. ದಿನವಿಡೀ ಮದುವೆ, ಗೃಹಪ್ರವೇಶ, ಕಬಡ್ಡಿ ಪಂದ್ಯಾಟ — ಎಲ್ಲದಕ್ಕೂ ‘ತಮ್ಮ ಆಗಮನಾಭಿಲಾಷಿಗಳು’ ಟೈಪ್ ಮಾಡಿ ಮಾಡಿ ಬೆರಳಿಗೆ ಈ ಭಾಷೆ ಅಂಟಿಕೊಂಡಿದೆ. ಸೋಪಿನಲ್ಲಿ ಹೋಗುವುದಿಲ್ಲ.

ಡಬ್ಬಿಯ ಇತಿಹಾಸ ದಾಖಲಾಗಬೇಕು. ಸಣ್ಣ ಸ್ಟೀಲ್ ಡಬ್ಬಿ. ಮುಚ್ಚಳದಲ್ಲಿ ಒಂದು ತಗ್ಗು. ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದದ್ದು: ‘ವಸುಮತಿ ಟೀಚರಿಗೆ, 4ನೇ ತರಗತಿ ಮಕ್ಕಳಿಂದ’. ಟೀಚರ್ ನಿವೃತ್ತರಾದಾಗ ಸಿಕ್ಕಿದ್ದು. ಹನ್ನೊಂದು ವರ್ಷವಾಯಿತು. ಅಷ್ಟೂ ವರ್ಷದಿಂದ ಅದು ಅವರ ಮನೆಗೂ ನಮ್ಮ ದೊಡ್ಡವ್ವನ ಮನೆಗೂ ನಡುವೆ ಓಡಾಡುತ್ತಿದೆ. ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ, ಸೇವಂತಿ. ಮನೆಯಲ್ಲೇ ಟೈಲರಿಂಗ್. ದೊಡ್ಡಪ್ಪ ಬೆಳಗ್ಗೆ ಪಿಕಪ್ ಹತ್ತಿ ಹೋದರೆ ಕತ್ತಲಾದ ಮೇಲೆ ಬರುವವರು. ನಾನು ಎಂಟು ತಿಂಗಳಿಂದ ಇವರ ಮನೆಯಲ್ಲಿ — ಊಟ, ನಿದ್ದೆ, ಉಪದ್ರ ಎಲ್ಲ ಇಲ್ಲಿಯೇ. ಟೀಚರ ಮನೆ ನಾನು ಅಂಗಡಿಗೆ ಇಳಿಯುವ ದಾರಿಯಲ್ಲಿ, ಮೋರಿ — ತೋಡಿನ ಮೇಲಿನ ಸಣ್ಣ ಸೇತುವೆ — ದಾಟಿದರೆ ಸಿಗುವುದು. ಹಾಗಾಗಿ ಎಂಟು ತಿಂಗಳಿಂದ ಡಬ್ಬಿಯ ಅಧಿಕೃತ ಸಾಗಣೆದಾರಳು ನಾನೇ.

ನಿಯಮ ಎರಡು. ಒಂದು: ಡಬ್ಬಿ ಖಾಲಿ ಹಿಂದಿರುಗಬಾರದು. ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ಖಾಲಿ ಹೋಯಿತು ಅಂದರೆ ‘ಇನ್ನು ಕಳಿಸಬೇಡಿ’ ಅಂತ ಬಾಯಿಬಿಟ್ಟು ಹೇಳಿದ ಹಾಗೆ. ಎರಡು: ಟೀಚರಲ್ಲಿಂದ ಹಲಸಿನ ಹಪ್ಪಳ, ಕಡುಬು, ಚಟ್ನಿಪುಡಿ ಏನು ಬೇಕಾದರೂ ಬರಬಹುದು, ನಮ್ಮಲ್ಲಿಂದ ಉಪ್ಪಿನಕಾಯಿಗೆ ಬಿಂಬುಳಿ, ಬಸಳೆ, ಕರಿಬೇವು, ಹಿತ್ತಿಲ ಮರದ ಚಿಕ್ಕು — ಹಸಿಯದ್ದು ಮಾತ್ರ. ನಮ್ಮ ಅಡುಗೆಮನೆಯಲ್ಲಿ ಮೀನು ಬೇಯುತ್ತದೆ, ಅವರದ್ದರಲ್ಲಿ ಬೆಳ್ಳುಳ್ಳಿಯೂ ಬೇಯುವುದಿಲ್ಲ. ಎರಡನೆಯ ನಿಯಮ ಯಾರೂ ಹೇಳಿದ್ದಲ್ಲ. ಯಾರೂ ಕೇಳಿದ್ದೂ ಅಲ್ಲ. ಹನ್ನೊಂದು ವರ್ಷದಿಂದ ಹಾಗೆಯೇ ನಡೆದುಬಂದದ್ದು.

ನನ್ನ ಕಾಣಿಕೆ: ಪ್ರತಿ ಸಲ ಅಂಗಡಿಯಲ್ಲಿ ಒಂದು ಚೀಟಿ ಪ್ರಿಂಟ್ ಮಾಡಿ ಮುಚ್ಚಳಕ್ಕೆ ಅಂಟಿಸುವುದು. ಇವತ್ತಿನದು — ‘ಬಿಂಬುಳಿಗಳ ಪುರಪ್ರವೇಶ. ಉಡುಗೊರೆ ಸ್ವೀಕರಿಸಲಾಗುವುದು.’ ಟೀಚರ್ ಓದಿ ನಗಲಿಲ್ಲ. ಕೆಂಪು ಪೆನ್ನು ತಂದು ಒಂದು ಒತ್ತಕ್ಷರ ತಿದ್ದಿದರು. ನಂತರ ನಕ್ಕರು.

ಮಾರ್ಚ್ 20, ಗುರುವಾರ. ರಾತ್ರಿ 8

ಟೀಚರ ಮೊಣಕಾಲಿಗೆ ಆಪರೇಷನ್. ನಿಶ್ಚಯವಾಯಿತು. ಏಪ್ರಿಲ್ 21ಕ್ಕೆ ಅಡ್ಮಿಟ್, ಮರುದಿನ ಆಪರೇಷನ್. ಮಗಳು ಚಿನ್ಮಯೀ ಬಾಣಂತಿ, ಬರುವ ಹಾಗಿಲ್ಲ. ಟೀಚರ ಯಜಮಾನರು ಕೃಷ್ಣಮೋಹನ ಮಾವ ಕೆದಂಬಾಡಿಯ ತೋಟದಲ್ಲಿ ಹಾವು ಕಂಡರೆ ದಾರಿ ಬಿಟ್ಟು ನಿಲ್ಲುವಷ್ಟು ಧೈರ್ಯವಂತರು, ಆದರೆ ಸೂಜಿ ಕಂಡರೆ ಬೀಳುತ್ತಾರೆ. ಹೋದ ವರ್ಷ ನಾಯಿಗೆ ಇಂಜೆಕ್ಷನ್ ಕೊಡುವಾಗ ಬಿದ್ದದ್ದು ಇವರು. ನಾಯಿ ನಿಂತೇ ಇತ್ತಂತೆ.

ಹಾಗಾಗಿ ಆಸ್ಪತ್ರೆಯಲ್ಲಿ ದೊಡ್ಡವ್ವ ನಿಲ್ಲುವುದು. ಟೀಚರ್ ಕೇಳುವ ಮೊದಲೇ ಹೇಳಿದ್ದಾರೆ. ಈಗ ಟೀಚರಿಗೆ ಆಸ್ಪತ್ರೆಗೆ ಅಂತ ಎರಡು ಹತ್ತಿ ಬ್ಲೌಸ್ ಹೊಲಿಯುತ್ತಿದ್ದಾರೆ. ಮಷಿನ್ ಸದ್ದಿನಲ್ಲೇ ಗೊತ್ತಾಗುತ್ತದೆ, ಖುಷಿಯಲ್ಲಿದ್ದಾರೆ.

ಇಂಥ ಜನರ ನಡುವೆ ಬಂದು ಬಿದ್ದೆನಲ್ಲ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಬರೆಯಲು ನಾಚಿಕೆ. ಬರೆದೆ.

ಮಾರ್ಚ್ 30, ಭಾನುವಾರ

ಬ್ಲೌಸ್ ಹಾಕಿ ನೋಡಿದರು. ಟೀಚರ್ ಕನ್ನಡಿಯ ಎದುರು ನಿಂತು, ಸ್ವಲ್ಪ ಹೊತ್ತು ಯೋಚಿಸಿ, ತುಂಬಾ ಮೆತ್ತಗೆ ಹೇಳಿದ್ದು — ಕುತ್ತಿಗೆ ಒಂಚೂರು ಬಿಗಿ ಆಯ್ತಾ ಅಂತ. ದೊಡ್ಡವ್ವ ಕೂಡಲೇ, ಕೊಡಿ ಅಕ್ಕ, ಸ್ವಲ್ಪ ಬಿಟ್ಟು ಹೊಲಿದು ಕೊಡ್ತೇನೆ ಅಂದರು. ನಕ್ಕರು. ಇಬ್ಬರೂ ನಕ್ಕರು.

ಮನೆಗೆ ಬಂದ ಮೇಲೆ ದೊಡ್ಡವ್ವ ನಗಲಿಲ್ಲ. ದರ್ಬೆಯಲ್ಲಿ ಕುತ್ತಿಗೆ ಕತ್ತರಿಸುವುದರಲ್ಲಿ — ಬ್ಲೌಸಿನ ಕುತ್ತಿಗೆ — ಇವರ ಕೈ ತಪ್ಪಿದ್ದು ಯಾರೂ ಕಂಡಿಲ್ಲ. ಏನಾಯ್ತು ಅಂತ ಕೇಳಿದೆ.

“ಎಂತ ಇಲ್ಲೆ.”

ನಮ್ಮ ಅರೆಭಾಷೆಯಲ್ಲಿ ‘ಎಂತ ಇಲ್ಲೆ’ ಅಂದರೆ ತುಂಬಾ ಉಂಟು ಅಂತ.

ಏಪ್ರಿಲ್ 1, ಮಂಗಳವಾರ. ಸಂಜೆ 6.30

ಮಹಾಪ್ರಭು, ಸತ್ಯಪ್ರಮಾಣ ಮಾಡಿ ಬರೆಯುತ್ತಿದ್ದೇನೆ. ಈ ಪುಟದಡಿ ಇರುವ ಕೊಳೆರೋಗದ ಔಷಧಿಯ ಮೇಲೆ ಆಣೆ.

ಬೆಳಗ್ಗೆ ದೊಡ್ಡವ್ವ ಡಬ್ಬಿ ಕೊಟ್ಟರು. ಒಳಗೆ ಮೂರು ಚಿಕ್ಕು. ಟೀಚರಿಗೆ ಇಷ್ಟ ಅಂತ ಅಕ್ಕಿಯ ಡ್ರಮ್ಮಿನಲ್ಲಿಟ್ಟು ಹಣ್ಣು ಮಾಡಿದ್ದು. ಬ್ಲೌಸಿನ ವಿಷಯವಾದ ಮೇಲೆ ಮೊದಲ ಡಬ್ಬಿ — ನನಗೆ ಅದು ಹೊಳೆಯಲೇ ಇಲ್ಲ. ಇವತ್ತು ತಾರೀಕು ಒಂದು. ಏಪ್ರಿಲ್ ಫೂಲ್ ಮಾಡುವ ಅಂತ ಯೋಜನೆ: ಚಿಕ್ಕು ತೆಗೆದು ಖಾಲಿ ಡಬ್ಬಿ ಜಗಲಿಯಲ್ಲಿಡುವುದು, ಒಳಗೆ ‘ಶ್ರೀ ಏಪ್ರಿಲ್ ಫೂಲ್ ಪ್ರಸನ್ನ’ ಎಂಬ ಚೀಟಿ, ಆಮೇಲೆ ಸಂಜೆ ಚಿಕ್ಕು ಸಮೇತ ಪ್ರತ್ಯಕ್ಷಳಾಗುವುದು. ಚೀಟಿ ನಿನ್ನೆಯೇ ಪ್ರಿಂಟ್ ಮಾಡಿದ್ದೆ. ಅದು ಅಂಗಡಿಯಲ್ಲೇ ಉಳಿಯಿತು. ಕೀಬೋರ್ಡಿನ ಅಡಿ.

ಟೀಚರ್ ಪೂಜೆಯಲ್ಲಿದ್ದರು. ಡಬ್ಬಿ ಇಟ್ಟೆ, ಓಡಿದೆ. ಕಡಬದ ಗಿರಾಕಿಯೊಬ್ಬರು ಬೆಳಗ್ಗಿನಿಂದಲೇ ಗೃಹಪ್ರವೇಶದ ಫ್ಲೆಕ್ಸಿಗೆ ಕಾಯುತ್ತಾ ಅಂಗಡಿಯಲ್ಲಿ ಕೂತಿದ್ದರು. ಆ ಗಲಾಟೆಯಲ್ಲಿ ಮಧ್ಯಾಹ್ನವಾಯಿತು. ಚಿಕ್ಕು... ಅದು ಖರ್ಚಾಯಿತು.

ಈಗ ಬರುವಾಗ ಟೀಚರ್ ಗೇಟಿನ ಹತ್ತಿರ ದಾಸವಾಳ ಕೊಯ್ಯುತ್ತಿದ್ದರು. ಹೇಳಬೇಕು ಅಂತ ನಿಂತೆ. ಅವರು ನಕ್ಕರು, ಅರ್ಧ ಇಂಚು. ಅಂಗಡಿ ಬೇಗ ಬಿಟ್ಟರಾ ಅಂತ ಕೇಳಿದರು. ಡಬ್ಬಿಯ ಮಾತಿಲ್ಲ. ಹೌದು ಟೀಚರ್ ಅಂದು ಬಂದುಬಿಟ್ಟೆ.

ನಾಳೆ ಹೇಳಿದರಾಯಿತು.

ಏಪ್ರಿಲ್ 6, ಭಾನುವಾರ

ಹೇಳಲಿಲ್ಲ. ಡಬ್ಬಿಯೂ ಬರಲಿಲ್ಲ. ಐದು ದಿನ.

ದೊಡ್ಡವ್ವ ಇವತ್ತು ಕೇಳಿದರು, ಚಿಕ್ಕು ಹಣ್ಣಾಗಿತ್ತಂತಾ, ಟೀಚರ್ ಏನಾದರೂ ಹೇಳಿದರಾ ಅಂತ. ಒಳ್ಳೆಯದಿತ್ತಂತೆ ಅಂದೆ. ಇದು ಸುಳ್ಳಲ್ಲ. ಒಳ್ಳೆಯದೇ ಇತ್ತು.

ಬಿಟ್ಟು ಹೊಲಿದ ಬ್ಲೌಸ್ ಇಸ್ತ್ರಿಯಾಗಿ ಮೊಳೆಗೆ ನೇತಾಡುತ್ತಿದೆ. ಕೊಂಡುಹೋಗಿ ಕೊಡಲಾ ಅಂದರೆ, ಡಬ್ಬಿ ಬರಲಿ, ಅದರ ಜೊತೆ ಕೊಡುವ ಅಂತಾರೆ. ಮನಸ್ಸಿನಲ್ಲಿರುವುದು ಬೇರೆ. ಬಿಗಿ ಅಂತ ಹೇಳಿದವರಿಗೆ ಇನ್ನೂ ಕೋಪ ಹೋಗಿಲ್ಲ, ಅದಕ್ಕೆ ಡಬ್ಬಿ ಕಳಿಸುವುದು ನಿಲ್ಲಿಸಿದ್ದಾರೆ ಅಂತ ಇವರ ತೀರ್ಮಾನ. ಅಲ್ಲಿ ಕೆಳಗೆ ಟೀಚರ್ — ಬಿಗಿ ಅಂದದ್ದಕ್ಕೆ ಸೇವಂತಿಗೆ ಕೋಪ ಬಂತು, ಅದಕ್ಕೆ ಖಾಲಿ ಕಳಿಸಿದಳು ಅಂತ ತೀರ್ಮಾನಿಸಿರಬೇಕು. ಇಬ್ಬರಿಗೂ ಕೋಪವಿಲ್ಲ. ಇಬ್ಬರೂ ಇನ್ನೊಬ್ಬರ ಕೋಪಕ್ಕೆ ಮರ್ಯಾದೆ ಕೊಟ್ಟು ದೂರ ನಿಂತಿದ್ದಾರೆ. ಒಂದು ಮಾತು ಕೇಳಿದರೆ ಮುಗಿಯುತ್ತದೆ. ಇಷ್ಟು ಒಳ್ಳೆಯವರಿಗೆ ಕೇಳಲು ಬರುವುದಿಲ್ಲ.

ನಡುವೆ ನಾನು. ಎರಡೂ ಕಡೆಯ ನಂಬಿಕಸ್ಥ ಸಾಗಣೆದಾರಳು.

ಏಪ್ರಿಲ್ 9, ಬುಧವಾರ. ರಾತ್ರಿ 8.15

ಉಪಾಯ ಮಾಡಿದೆ. ಮಾಡಬಾರದಿತ್ತು.

ಮಾರ್ಕೆಟಿನಿಂದ ಒಂದು ಡಜನ್ ಚಿಕ್ಕು ತಂದು, ಡಬ್ಬಿ ಅವರಲ್ಲೇ ಇರುವುದರಿಂದ ಬೇರೆ ಪ್ಲಾಸ್ಟಿಕ್ ಡಬ್ಬಿಗೆ ತುಂಬಿಸಿ, ದೊಡ್ಡವ್ವ ಕೊಟ್ಟದ್ದು ಅಂತ ಟೀಚರಿಗೆ ಕೊಟ್ಟೆ. ಟೀಚರ್ ಒಂದನ್ನು ತೆಗೆದು ತಿರುಗಿಸಿ ನೋಡಿದರು. ನಮ್ಮ ಮರದ್ದು ಉದ್ದಕ್ಕೆ, ಸಣ್ಣದು, ಸಿಪ್ಪೆ ದೊರಗು. ಇದು ಚೆಂಡಿನ ಹಾಗೆ ದುಂಡಗೆ. ಹನ್ನೊಂದು ವರ್ಷ ತಿಂದವರಿಗೆ ಗೊತ್ತಾಗದಾ.

“ಅಂಗಡಿಯಿಂದ ತಂದು ಕೊಡುವಷ್ಟು ಉಪಚಾರ ನಮ್ಮೊಳಗೆ ಎಂತಕ್ಕೆ? ಬೇಡ ಅಂತ ಹೇಳು ಮಗಾ, ಸೇವಂತಿಯ ಹತ್ರ.”

ಬೈದದ್ದಲ್ಲ. ಬೈದಿದ್ದರೆ ಸಮ ಇತ್ತು. ಪ್ಲಾಸ್ಟಿಕ್ ಡಬ್ಬಿ ನನ್ನ ಕೈಗೇ ವಾಪಸ್ ಬಂತು. ಮನೆಗೆ ತರುವ ಹಾಗಿಲ್ಲ. ಅಂಗಡಿಗೆ ಕೊಂಡುಹೋಗಿ ರಮೀಝಣ್ಣನ ಮೇಜಿನ ಮೇಲಿಟ್ಟೆ. ರಮೀಝಣ್ಣ ಅಂಗಡಿಯ ಯಜಮಾನ. ಹನ್ನೆರಡು ಚಿಕ್ಕು ನೋಡಿ, ಯಾವ ತಪ್ಪಿಗೆ ಅಂತ ಕೇಳಿದರು.

ಏಪ್ರಿಲ್ 14, ಸೋಮವಾರ. ಬಿಸು

ನಮ್ಮ ಕಡೆಯ ಹೊಸ ವರ್ಷ. ದೇವರ ಮುಂದೆ ಕಣಿ ಇಟ್ಟೆವು. ಕನ್ನಡಿ, ಸೌತೆಕಾಯಿ, ತೆಂಗಿನಕಾಯಿ, ಹೂ. ದೊಡ್ಡವ್ವನ ಕಾಲು ಹಿಡಿದೆ. ಒಳ್ಳೆಯದಾಗಲಿ ಅಂದರು. ನನಗೆ ಒಳ್ಳೆಯದು ಆಗಬಾರದು ಅಂತ ಅನ್ನಿಸಿದ ಮೊದಲ ಬಿಸು.

ಪ್ರತಿ ಬಿಸುವಿಗೆ ಒಂಬತ್ತು ಗಂಟೆಯ ಒಳಗೆ ಟೀಚರ ಪಾಯಸ ಬರುವುದಂತೆ. ಹತ್ತಾಯಿತು. ಹನ್ನೊಂದಾಯಿತು. ದೊಡ್ಡವ್ವ ಎರಡು ಸಲ ಗೇಟಿನ ಹತ್ತಿರ ಹೋಗಿ ಬಟ್ಟೆ ಒಣಗಿದೆಯಾ ನೋಡಿದರು. ಬಟ್ಟೆ ಒಗೆದೇ ಇರಲಿಲ್ಲ.

ಏಪ್ರಿಲ್ 17, ಗುರುವಾರ. ಬೆಳಗ್ಗೆ 8.40

ಅಂಗಡಿಗೆ ಹೊರಡುವ ಮೊದಲು ಬರೆಯುತ್ತಿದ್ದೇನೆ.

ಈಗಷ್ಟೇ ಕೃಷ್ಣಮೋಹನ ಮಾವ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿದರು. ಇಳಿಯಲಿಲ್ಲ. ಹೆಲ್ಮೆಟ್ಟನ್ನೂ ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ನಿಲ್ಲಲು ಹೋಮ್ ನರ್ಸ್ ಯಾರಾದರೂ ಗೊತ್ತುಂಟಾ ಅಂತ ಕೇಳಿದರು. ಪಾಪ, ಅವರಿಗೆ ಏನೂ ಗೊತ್ತಿಲ್ಲ. ಹೆಂಡತಿ ಕೇಳಿಕೊಂಡು ಬನ್ನಿ ಅಂದಿದ್ದಾರೆ, ಕೇಳುತ್ತಿದ್ದಾರೆ. ಸೇವಂತಿಗೆ ಹೊಲಿಗೆ ರಾಶಿ ಉಂಟಂತಲ್ಲ, ತೊಂದರೆ ಕೊಡುದು ಬೇಡ ಅಂತ ಇವಳು ಹೇಳಿದ್ದು ಅಂದರು.

ದೊಡ್ಡವ್ವ, ಕೇಳಿ ಹೇಳ್ತೇನೆ ಅಣ್ಣ ಅಂದರು. ಸ್ಕೂಟರ್ ಹೋಯಿತು. ಒಳಗೆ ಬಂದು ಮಷಿನ್ ಎದುರು ಕೂತರು. ಅರ್ಧ ಹೊಲಿದಿದ್ದ ತೋಳನ್ನು ಬಿಚ್ಚಿದರು. ಮತ್ತೆ ಹೊಲಿದರು. ಮತ್ತೆ ಬಿಚ್ಚಿದರು. ಆಸ್ಪತ್ರೆಗೆ ಅಂತ ಕಟ್ಟಿಟ್ಟಿದ್ದ ಅವರ ಚೀಲ — ಎರಡು ಸೀರೆ, ಒಂದು ಚಾಪೆ, ಫ್ಲಾಸ್ಕ್ — ಅಟ್ಟದ ಮೆಟ್ಟಿಲಿನ ಕೆಳಗೆ ಇತ್ತು. ಅದನ್ನು ಕಾಲಿನಿಂದ ಸ್ವಲ್ಪ ಒಳಗೆ ಸರಿಸಿದರು.

ನಾಲ್ಕು ದಿನ ಉಂಟು. ಟೀಚರ್ ಯಾರದೋ ಕೈ ಹಿಡಿದು ಆಪರೇಷನ್ ಥಿಯೇಟರಿಗೆ ಹೋಗುತ್ತಾರೆ. ಕಾರಣ ಈ ಅಲ್ಪಳು. ತಮಾಷೆಯಾಗಿ ಬರೆಯಲು ನೋಡಿದೆ, ಆಗುತ್ತಿಲ್ಲ.

ಏಪ್ರಿಲ್ 18, ಶುಕ್ರವಾರ

ರಮೀಝಣ್ಣನ ಹತ್ತಿರ ಎಲ್ಲ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಪ್ರಿಂಟರಿಗೆ ಇಂಕು ತುಂಬಿಸಿದರು. ಪೂರ್ತಿ ಕೇಳಿದ ಮೇಲೆ ಒಂದೇ ಪ್ರಶ್ನೆ — ಚೀಟಿ ಎಲ್ಲಿ? ಕೀಬೋರ್ಡಿನ ಅಡಿ ದಿನಾ ಒರೆಸುವುದು ಅವರೇ. ಅಲ್ಲಿ ಚೀಟಿ ಗೀಟಿ ಕಂಡಿಲ್ಲವಂತೆ. ಹಾರಿ ಹೋಗಿರಬೇಕು ಅಂದೆ. ಫ್ಯಾನು ಉಂಟಲ್ಲ.

ಒಂದು ಕ್ಷಮಾಪಣಾ ಪತ್ರ ಡಿಸೈನ್ ಮಾಡುವ ಆಲೋಚನೆ ಮುಂದಿಟ್ಟೆ. ಬಂಗಾರದ ಬಾರ್ಡರ್, ಮೇಲೆ ಎರಡು ನವಿಲು.

“ನವಿಲು ಎಂತಕ್ಕೆ ಮಾರಾಯ್ತಿ. ನಿನ್ನ ಬಾಯಿ ಉಂಟಲ್ಲ, ದಿನವಿಡೀ ನಿಲ್ಲುದೇ ಇಲ್ಲ ಅದು. ಒಂದು ನಿಮಿಷ ಅದನ್ನು ಒಳ್ಳೇದಕ್ಕೆ ಉಪಯೋಗಿಸು.”

ಆಮೇಲೆ ಅವರೇ ಒಂದು ಕತೆ ಹೇಳಿದರು. ಅವರೂ ಅವರ ತಮ್ಮನೂ ಒಂದು ಏಣಿಯ ವಿಷಯಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದರಂತೆ. ಆಮೇಲೆ ನೋಡಿದರೆ ಏಣಿ ಪಕ್ಕದ ಮನೆಯವರು ಕೊಂಡುಹೋಗಿದ್ದು. ಎರಡು ವರ್ಷ ಹಾಳಾಯ್ತಲ್ಲ ಅಂತ ತಮ್ಮ ಅತ್ತನಂತೆ. ಏಣಿ ಈಗಲೂ ಉಂಟು; ಯಾರೂ ಹತ್ತುವುದಿಲ್ಲ.

ಏಪ್ರಿಲ್ 20, ಭಾನುವಾರ. ಮಧ್ಯಾಹ್ನ 3

ಹೋದೆ. ಹೇಳಿದೆ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಟೀಚರ್ ಜಗಲಿಯಲ್ಲಿ ಕೂತು ಆಸ್ಪತ್ರೆಯ ಬ್ಯಾಗ್ ತುಂಬಿಸುತ್ತಿದ್ದರು. ಟವೆಲ್, ಬಾಚಣಿಗೆ, ಎಕ್ಸ್‌ರೇ. ಪಕ್ಕದಲ್ಲಿ ನಮ್ಮ ಡಬ್ಬಿ. ಅದಕ್ಕೆ ಮಾತ್ರೆ ತುಂಬಿಸಿದ್ದರು. ಬಿಪಿಯದ್ದು, ಗ್ಯಾಸಿನದ್ದು, ಕಾಲುನೋವಿನದ್ದು. ಹನ್ನೊಂದು ವರ್ಷ ಕಡುಬು ಹೊತ್ತ ಡಬ್ಬಿ. ಅದನ್ನು ಕಂಡದ್ದೇ ಬಾಯಿ ತಾನಾಗಿ ತೆರೆಯಿತು.

“ಟೀಚರ್, ಅವತ್ತು ಡಬ್ಬಿ ಖಾಲಿ ಬಂದದ್ದು ದೊಡ್ಡವ್ವ ಕಳಿಸಿದ್ದಲ್ಲ. ನಾನು ಖಾಲಿ ಮಾಡಿದ್ದು.”

ಅವರು ಮಾತ್ರೆಯ ಹಾಳೆಗಳನ್ನು ಜೋಡಿಸುತ್ತಲೇ ಇದ್ದರು.

“ಎಂತ ಇತ್ತು ಅದರಲ್ಲಿ?”

“ಚಿಕ್ಕು.”

“ಎಷ್ಟು?”

“ಮೂರು.”

“ಹಣ್ಣಾಗಿತ್ತಾ?”

“ತುಂಬಾ, ಟೀಚರ್.”

ಏಪ್ರಿಲ್ ಫೂಲಿನ ಯೋಜನೆ, ಅಂಗಡಿಯಲ್ಲಿ ಉಳಿದ ಚೀಟಿ, ಕಡಬದ ಗಿರಾಕಿ, ಮಾರ್ಕೆಟಿನ ಚಿಕ್ಕು — ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಟೀಚರ್ ಕನ್ನಡಕ ತೆಗೆದರು. ನಾಲ್ಕನೇ ತರಗತಿಯನ್ನು ಮೂವತ್ತು ವರ್ಷ ನೋಡಿದ ಕಣ್ಣು. ಅದು ಹತ್ತು ಸೆಕೆಂಡ್ ನನ್ನ ಮೇಲೆ.

“ಚೀಟಿ ಮರ್ತದ್ದು. ನೀನು.”

“ಹೌದು ಟೀಚರ್.”

“ಹ್ಞೂಂ.”

ಆಮೇಲೆ ಅವರು ಒಳಗೆ ಹೋಗಿ ಬಂದರು, ಗೋಡೆ ಹಿಡಿದುಕೊಂಡು. ಕೈಯಲ್ಲಿ ಹಳೆಯ ಮದುವೆ ಕಾಗದದ ಕವರ್. ಅದರ ತುಂಬ ನನ್ನ ಚೀಟಿಗಳು. ಎಂಟು ತಿಂಗಳಿನದ್ದು, ಒಂದೂ ಬಿಡದೆ. ಚೀಟಿ ಇಲ್ಲದೆ ಬಂದ ಡಬ್ಬಿ ಅದೊಂದೇ ಅಂತ ಹೇಳಿದರು. ಅದಕ್ಕೇ ಅದು ತಮಾಷೆ ಅಂತ ಅವರಿಗೆ ಅನ್ನಿಸಲೇ ಇಲ್ಲ. ಮಗುವಿನ ಹತ್ತಿರ ಚೀಟಿ ಕೂಡ ಹಾಕಬೇಡ ಅಂದಿರಬೇಕು ಸೇವಂತಿ, ಅಷ್ಟು ಬೇಸರ ಆಗಿದೆ ಅವಳಿಗೆ, ಅಂತ.

“ಇಪ್ಪತ್ತು ದಿನ ಅದೊಂದೇ ಯೋಚನೆ ನಂಗೆ. ಕಾಲಿಂದು ಮರ್ತೇ ಹೋಗಿತ್ತು. ಬಿಗಿ ಅಂತ ಯಾಕಾದ್ರೂ ಹೇಳಿದೆ ಅಂತ. ಊರಿಡೀ ಮಕ್ಕಳಿಗೆ ‘ಗೊತ್ತಾಗದಿದ್ರೆ ಕೈ ಎತ್ತಿ ಕೇಳಿ’ ಅಂತ ಹೇಳಿದವಳು ನಾನು. ನಾಲ್ಕು ಹೆಜ್ಜೆ ಹತ್ತಿ ಬಂದು ಕೇಳ್ಲಿಕ್ಕೆ ನಂಗೆ ಆಗ್ಲಿಲ್ಲ ನೋಡು.”

ಅತ್ತದ್ದು ನಾನು. ದಾಖಲೆಗಾಗಿ ಬರೆದಿದ್ದೇನೆ.

ಶಿಕ್ಷೆಯೂ ಆಯಿತು. ‘ಡಬ್ಬಿಯನ್ನು ತುಂಬಿದ ಹಾಗೆಯೇ ತಲುಪಿಸುತ್ತೇನೆ’ ಅಂತ ನೂರು ಸಲ ಬರೆಯಬೇಕು. ಟೈಪ್ ಮಾಡಿ ಮೂರಡಿ ಫ್ಲೆಕ್ಸ್ ಹೊಡೆದು ತರಲಾ ಅಂತ ಕೇಳಿದೆ. ಕೈಯಲ್ಲಿ, ಕಾಪಿ ಪುಸ್ತಕದಲ್ಲಿ, ಮಾರ್ಜಿನ್ ಬಿಟ್ಟು ಅಂದರು.

ಮಾತ್ರೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ತೊಟ್ಟೆಗೆ ಸುರಿದು, ಡಬ್ಬಿ ತೊಳೆದು ಒರೆಸಿ, ಹೊಸ ಮಾಂಬಳ — ಮಾವಿನ ರಸ ಬಿಸಿಲಿಗೆ ಒಣಗಿಸಿದ್ದು — ಸುರುಳಿ ಮಾಡಿ ಇಟ್ಟು ನನ್ನ ಕೈಗೆ ಕೊಟ್ಟರು. ಹೋಗು ಅಂದರು.

ಅದೇ ದಿನ. ಸಂಜೆ 7

ದೊಡ್ಡವ್ವನಿಗೂ ಹೇಳಿದೆ. ಬೈಯಲಿಲ್ಲ. ಮಷಿನಿನಿಂದ ಕಾಲು ತೆಗೆದು ಪೂರ್ತಿ ಕೇಳಿಸಿಕೊಂಡರು. ಡಬ್ಬಿ ತೆರೆದು ನೋಡಿದರು, ಮುಚ್ಚಿದರು. ಮೊಳೆಯಲ್ಲಿದ್ದ ಬ್ಲೌಸ್ ತೆಗೆದುಕೊಂಡು, ತಲೆ ಕೂಡ ಬಾಚದೆ ಹೊರಟರು. ಎಂಟು ತಿಂಗಳಲ್ಲಿ ಮೊದಲ ಸಲ ಸಾಗಣೆದಾರಳನ್ನು ನಂಬಲಿಲ್ಲ. ನಾನು ಹತ್ತು ಹೆಜ್ಜೆ ಹಿಂದಿನಿಂದ, ಆರೋಪಿಯ ಗಾಂಭೀರ್ಯದಲ್ಲಿ.

ಟೀಚರ್ ಗೇಟಿನಲ್ಲೇ ನಿಂತಿದ್ದರು. ಕಾಯುತ್ತಿದ್ದರು ಅಂತ ಕಾಣುತ್ತದೆ.

“ಕುತ್ತಿಗೆ ಅರ್ಧ ಇಂಚು ಬಿಟ್ಟಿದ್ದೇನೆ ಅಕ್ಕ. ಹಾಕಿ ನೋಡಿ.”

“ನೋಡುದು ಎಂತಕ್ಕೆ ಸೇವಂತಿ. ಬ್ಲೌಸ್ ಸರಿಯೇ ಇತ್ತು. ನಾನು ದಪ್ಪ ಆದದ್ದು.”

“ಇಲ್ಲ ಅಕ್ಕ, ನಾನು ಹಿಡಿದದ್ದೇ ಬಿಗಿ.”

“ಅಲ್ಲ ಮಾರಾಯ್ತಿ, ನಾನು ದಪ್ಪ ಅಂತ ಹೇಳಿದ್ನಲ್ಲ.”

ಹತ್ತು ನಿಮಿಷ ಇದೇ ಜಗಳ. ಯಾರೂ ಸೋಲಲಿಲ್ಲ. ಖಾಲಿ ಡಬ್ಬಿಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಕೊನೆಗೆ ದೊಡ್ಡವ್ವ, ನಾಳೆ ಎಷ್ಟು ಗಂಟೆಗೆ ಹೊರಡುವುದು ಅಂತ ಕೇಳಿದರು. ಏಳೂವರೆಗೆ. ಹಾಗಾದರೆ ನಾನು ಏಳಕ್ಕೆ ಬರ್ತೇನೆ. ಅಷ್ಟೇ. ಜಗಲಿಯಲ್ಲಿದ್ದ ಕೃಷ್ಣಮೋಹನ ಮಾವ ಅಲ್ಲಿಂದಲೇ, ಎಲ್ಲಿಂದಲೋ ಗೊತ್ತುಮಾಡಿದ್ದ ಹೋಮ್ ನರ್ಸಿಗೆ ಫೋನ್ ಮಾಡಿ, ಬೇಡ, ಮನೆಯವರೇ ಇದ್ದಾರೆ ಅಂದರು.

ಮನೆಯವರೇ ಇದ್ದಾರೆ. ಇಂಥ ವಾಕ್ಯ ನಾನು ಯಾವ ಆಮಂತ್ರಣದಲ್ಲೂ ಟೈಪ್ ಮಾಡಿಲ್ಲ.

ಏಪ್ರಿಲ್ 25, ಶುಕ್ರವಾರ. ಮಧ್ಯಾಹ್ನ 2, ಆಸ್ಪತ್ರೆಯ ಕಾರಿಡಾರ್

ಆಪರೇಷನ್ ಚೆನ್ನಾಗಿ ಆಯಿತು. ಮಾವ ಒಮ್ಮೆ ಮಾತ್ರ ಬಿದ್ದರು. ಕುರ್ಚಿ ಇತ್ತು.

ನಿನ್ನೆ ನಡೆದದ್ದು. ಕ್ಯಾಂಟೀನಿನ ಊಟ ಟೀಚರಿಗೆ ಸೇರುವುದಿಲ್ಲ. ದೊಡ್ಡವ್ವ ಎಂದಿನ ಹಾಗೆ ಡಬ್ಬಿಯಲ್ಲಿ ಮೂಸಂಬಿ ಬಿಡಿಸಿ ಇಟ್ಟಿದ್ದರು. ಹಸಿಯದ್ದು. ಟೀಚರ್ ಎರಡು ಎಸಳು ತಿಂದು ಡಬ್ಬಿ ಪಕ್ಕಕ್ಕಿಟ್ಟರು.

“ಸೇವಂತಿ, ನಾಳೆ ಸ್ವಲ್ಪ ಗಂಜಿ ಮಾಡಿ ತರ್ಲಿಕ್ಕೆ ಆಗ್ತದಾ?”

“ನಮ್ಮಲ್ಲಿಂದಾ ಅಕ್ಕ?”

“ಮತ್ತೆ ಯಾರಲ್ಲಿಂದ?”

ಕಿಟಕಿಯ ಪರದೆ ಸರಿಯಾಗಿಯೇ ಇತ್ತು. ದೊಡ್ಡವ್ವ ಹೋಗಿ ಸರಿ ಮಾಡಿದರು.

ಇವತ್ತು ಬೆಳಗ್ಗೆ ಮನೆಗೆ ಬಂದು ಅಟ್ಟದಿಂದ ಹೊಸ ಪಾತ್ರೆ ಇಳಿಸಿ ಮೂರು ಸಲ ತೊಳೆದರು. ಮೀನಿನ ಗಾಡಿ ಹಾರನ್ ಹಾಕಿ ಹಾಕಿ ಹೋಯಿತು, ಹೊರಗೆ ಇಣುಕಲಿಲ್ಲ. ಕುಚ್ಚಲಕ್ಕಿ ಗಂಜಿ, ತುಪ್ಪ, ಸುಟ್ಟ ಹಪ್ಪಳ. ಡಬ್ಬಿ ನನ್ನ ಕೈಗೆ ಕೊಡುವ ಮೊದಲು ದೊಡ್ಡವ್ವ ಮುಚ್ಚಳವನ್ನು ಎರಡು ಸಲ ಒತ್ತಿ ನೋಡಿದರು. ಬಸ್ಸಿನಲ್ಲಿ ದೊಡ್ಡವ್ವನ ಪಕ್ಕ ಕೂತು, ಮಡಿಲಲ್ಲಿ ಇಟ್ಟುಕೊಂಡು ಬಂದೆ. ಚೀಟಿ ಅಂಟಿಸಲಿಲ್ಲ. ಅದಕ್ಕೆ ಬರೆಯುವ ಭಾಷೆ ನನ್ನಲ್ಲಿರಲಿಲ್ಲ.

ಟೀಚರ್ ಪೂರ್ತಿ ಕುಡಿದರು. ಉಪ್ಪು ಸ್ವಲ್ಪ ಕಡಿಮೆ ಅಂದರು. ನಾನು ದೊಡ್ಡವ್ವನ ಮುಖ ನೋಡಿದೆ. ದೊಡ್ಡವ್ವ, ಹೌದು ಅಕ್ಕ, ನಾಳೆ ಹಾಕ್ತೇನೆ ಅಂದರು. ಇಬ್ಬರೂ ನಕ್ಕರು. ಈ ಸಲ ಕಾರಿಡಾರಿಗೆ ಬಂದ ಮೇಲೂ ದೊಡ್ಡವ್ವ ನಗುತ್ತಿದ್ದರು.

ಮೇ 4, ಭಾನುವಾರ. ಸಂಜೆ 5.20

ವಂದನಾರ್ಪಣೆ.

ವೇದಿಕೆಯ ಮೇಲಿರುವ ಮತ್ತು ಇಲ್ಲದಿರುವ ಸಮಸ್ತರಿಗೆ. ನವಿಲು ಬೇಡ ಅಂದ ರಮೀಝಣ್ಣನಿಗೆ, ಅವರ ಏಣಿಗೆ. ಬಿದ್ದರೂ ಆಸ್ಪತ್ರೆ ಬಿಟ್ಟು ಹೋಗದ ಕೃಷ್ಣಮೋಹನ ಮಾವನಿಗೆ. ಟೀಚರ ಹೊಸ ಮೊಣಕಾಲಿಗೆ. ವಾಕರ್ ಹಿಡಿದು ಗೇಟಿನವರೆಗೆ ಬರುತ್ತದೆ ಈಗ. ಬೈಯದ ದೊಡ್ಡವ್ವನಿಗೆ. ಕಾಪಿ ಪುಸ್ತಕದಲ್ಲಿ ಅರವತ್ತೆರಡಕ್ಕೆ ನಿಂತಿರುವ ನನ್ನ ಕೈಗೆ. ಒಟ್ಟಿಗೆ ಬದುಕುವುದು ಅಂದರೆ ದೊಡ್ಡದೇನೋ ಅಂದುಕೊಂಡಿದ್ದೆ. ಡಬ್ಬಿ ಖಾಲಿ ಕಳಿಸದಿರುವುದು, ಖಾಲಿ ಬಂದರೆ ಹೋಗಿ ಕೇಳುವುದು. ಇಷ್ಟು ಸಣ್ಣದಕ್ಕೆ ಇಷ್ಟು ಜನ ಬೇಕಾಯಿತು ನನಗೆ ಕಲಿಸಲು.

ಇವತ್ತು ಟೀಚರ ಡಬ್ಬಿ ಬಂತು. ಐದು ಹಲಸಿನ ಕಡುಬು. ಅವರ ಜಗಲಿಯಲ್ಲೇ ಚೀಟಿ ಅಂಟಿಸಿ ಹೊರಡುತ್ತಿದ್ದೆ, ಟೀಚರ್ ಕರೆದರು. ಬಾಳೆಲೆಯ ತುಂಡಿನಲ್ಲಿ ಸುತ್ತಿದ ಇನ್ನೊಂದು ಕಡುಬನ್ನು ನನ್ನ ಕೈಯಲ್ಲಿಟ್ಟರು.

“ಇದು ದಾರಿಗೆ.”

ಯಾಕೆ ಟೀಚರ್ ಅಂದೆ.

“ಹಸಿವಾದ್ರೆ ಹಸಿವು ಅಂತ ಹೇಳ್ಬೇಕು ಮಗಾ. ಅದಕ್ಕೆ ಚೀಟಿ ಬೇಕಂತ ಇಲ್ಲ.”

ಅಷ್ಟು ಹೇಳಿ ಒಳಗೆ ಹೋದರು. ವಾಕರ್ ಟಕ್ ಟಕ್.

ಮಹಾಪ್ರಭು, ಏಪ್ರಿಲ್ ಒಂದರ ಪುಟದಲ್ಲಿ ಒಂದು ತಿದ್ದುಪಡಿ ಉಂಟು. ಚೀಟಿ ಇರಲಿಲ್ಲ. ಏಪ್ರಿಲ್ ಫೂಲೂ ಇರಲಿಲ್ಲ; ತಾರೀಕು ಒಂದು ಅಂತ ನೆನಪಾದದ್ದೇ ಮಧ್ಯಾಹ್ನದ ಮೇಲೆ. ತುಂಟಿ ಅನ್ನಿಸಿಕೊಂಡರೆ ಹೊಟ್ಟೆಬಾಕಿ ಅನ್ನಿಸಿಕೊಂಡಷ್ಟು ಅವಮಾನವಿಲ್ಲ ಅಂತ ನಿನಗೂ ಸುಳ್ಳು ಬರೆದೆ. ಅವತ್ತು ತಿಂಡಿ ತಿನ್ನದೆ ಹೊರಟಿದ್ದೆ. ಮೋರಿಯ ಮೇಲೆ ಕೂತು ಮುಚ್ಚಳ ತೆರೆದೆ, ಪರಿಮಳ ನೋಡಲಿಕ್ಕೆ ಮಾತ್ರ. ಒಂದು ತಿಂದರೆ ಎರಡು ಉಳಿಯುತ್ತದಲ್ಲ ಅಂತ ಒಂದು ತಿಂದೆ. ಎರಡು ಕೊಡುವುದು ಚಂದವಲ್ಲ ಅಂತ ಇನ್ನೊಂದು. ಒಂದೇ ಒಂದು ಕೊಟ್ಟರೆ ಟೀಚರ್ ಏನು ತಿಳಿದುಕೊಂಡಾರು, ದೊಡ್ಡವ್ವನ ಮರ್ಯಾದೆಯ ಪ್ರಶ್ನೆ, ಹಾಗಾಗಿ ಮೂರನೆಯದನ್ನೂ —